ಭಾಷಣ ಬರೆದುಕೊಡಲು ಎಷ್ಟು ಕೇಳಬೇಕು? ನೋಡದವರ ದನಿ ಹಿಡಿಯುವುದು ಹೇಗೆ?

ಹೊಸ ಕೈ:
ಇಷ್ಟು ದಿನ ಲೇಖನ, ಜಾಹೀರಾತು ಬರೆದುಕೊಂಡಿದ್ದೆ. ಪರಿಚಯದವರಿಗೆ ಸನ್ಮಾನದ ಮಾತು, ಬೀಳ್ಕೊಡುಗೆಯ ಮಾತು ಅಂತ ಸುಮ್ನೆ ಬರೆದುಕೊಟ್ಟದ್ದೂ ಇದೆ. ಈಗ ಒಂದು ಕಂಪನಿಯವರು ದುಡ್ಡು ಕೊಡುತ್ತೇವೆ ಅಂತ ಬಂದಿದ್ದಾರೆ. ಅವರ ಮುಖ್ಯಸ್ಥರು ಒಂದು ಸಮ್ಮೇಳನದಲ್ಲಿ 20 ನಿಮಿಷ ಮಾತಾಡಬೇಕಂತೆ. ಸಹಾಯಕರು ಒಂದು ಪುಟ ಪಾಯಿಂಟ್ಸ್ ಕಳಿಸಿ, ಇದನ್ನೇ ಚೆನ್ನಾಗಿ ಮಾಡಿಕೊಡಿ, ಪದಕ್ಕೆ ಎಷ್ಟು ಹೇಳಿ ಅಂದರು. ಪದದ ಲೆಕ್ಕ ಸರಿಯಾ, ಗಂಟೆಯ ಲೆಕ್ಕವಾ, ಇಲ್ಲ ಇಡೀ ಭಾಷಣಕ್ಕೆ ಇಷ್ಟು ಅಂತಲಾ? ಇನ್ನೊಂದು: ಆ ಮನುಷ್ಯರನ್ನು ನಾನು ನೋಡಿಯೇ ಇಲ್ಲ. ಅವರ ಬಾಯಿಗೆ ಒಪ್ಪುವ ಹಾಗೆ ಬರೆಯುವುದು ಹೇಗೆ?

ಹಳೇ ಪೆನ್ನು:
ಪದದ ಲೆಕ್ಕಕ್ಕೆ ಹೋಗಲೇಬೇಡಿ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು, ಆಮೇಲೆ ಅಧ್ಯಕ್ಷ ಲಿಂಕನ್ ಎದ್ದು 270 ಪದಗಳಷ್ಟು ಹೇಳಿ ಕೂತರು. ಜನ ನೆನಪಿಟ್ಟುಕೊಂಡದ್ದು ಲಿಂಕನ್ ಮಾತನ್ನೇ. ಪದಕ್ಕೆ ಇಷ್ಟು ಅಂತ ಕೊಡುವುದಾದರೆ ಚೀಲ ತುಂಬುವುದು ಎವರೆಟ್‌ಗೆ. ನಮ್ಮ ಕೆಲಸದಲ್ಲಿ ಅರ್ಧ ಭಾಗ ಕತ್ತರಿಸುವುದೇ, ಕತ್ತರಿಸಿದಷ್ಟೂ ನಮಗೇ ನಷ್ಟ ಅನ್ನುವ ಒಪ್ಪಂದ ಯಾಕೆ?

ಗಂಟೆಯ ಲೆಕ್ಕವೂ ಬೇಡ. ಕೈ ಪಳಗಿದ ಹಾಗೆ ಬೇಗ ಬರೆಯುತ್ತೀರಿ, ಬೇಗ ಬರೆದದ್ದಕ್ಕೆ ಕಡಿಮೆ ದುಡ್ಡು! ಇಡೀ ಭಾಷಣಕ್ಕೆ ಒಂದು ಮೊತ್ತ ಹೇಳಿ. ಅದರಲ್ಲಿ ಏನೇನು ಸೇರಿದೆ ಅನ್ನುವುದನ್ನು ಬರವಣಿಗೆಯಲ್ಲೇ ಕೊಡಿ: ಭಾಷಣಕಾರರ ಜೊತೆ ಮಾತು, ಚೌಕಟ್ಟು, ಕರಡು, ಎರಡು ಸಲ ತಿದ್ದುಪಡಿ, ಬೇಕಿದ್ದರೆ ಒಂದು ರಿಹರ್ಸಲ್. ಅರ್ಧ ಮುಂಗಡ. ಚೌಕಟ್ಟಿಗೆ ಒಪ್ಪಿಗೆ ಸಿಕ್ಕ ಮೇಲೆ ವಿಷಯವನ್ನೇ ಬದಲಿಸಿದರೆ ಅದು ಹೊಸ ಕೆಲಸ, ಹೊಸ ದುಡ್ಡು. ಕಾರ್ಯಕ್ರಮ ರದ್ದಾದರೆ ಅಲ್ಲಿವರೆಗೆ ಮಾಡಿದ ಕೆಲಸದ ಹಣ ಬರಬೇಕು ಅಂತಲೂ ಹಾಕಿ, ಭಾಷಣದ ವಿಷಯದಲ್ಲಿ ಇದು ಜಾಸ್ತಿಯೇ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಕೊನೆಯ ಒಪ್ಪಿಗೆ ಕೊಡುವವರು ಒಬ್ಬರೇ ಇರಬೇಕು. ಇಲ್ಲದಿದ್ದರೆ ಕಾನೂನಿನವರು ಒಂದು ಸಾಲು ತೆಗೆಯುತ್ತಾರೆ, ಪ್ರಚಾರದವರು ಎರಡು ಸಾಲು ತುರುಕುತ್ತಾರೆ, ಕೊನೆಗೆ ಮುಖ್ಯಸ್ಥರ ಮನೆಯವರು ಓದಿ "ಯಾಕೋ ಸಪ್ಪೆ" ಅನ್ನುತ್ತಾರೆ. ಸಪ್ಪೆ ಆಗದೆ ಇನ್ನೇನು ಆಗುತ್ತದೆ.

ಕೇಳುಗಿ:
ದುಡ್ಡಿನ ವಿಷಯಕ್ಕೆ ಹಳೇ ಪೆನ್ನು ಹೇಳಿದ್ದೇ ಸರಿ. ಆದರೆ ಆ ಮೊತ್ತದಲ್ಲಿ ದೊಡ್ಡ ಪಾಲು ಬರೆಯುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. ಪಾಯಿಂಟ್ಸ್ ಮುಂದಿಟ್ಟುಕೊಂಡು ಬರೆದರೆ ವರದಿ ಬರುತ್ತದೆ, ಭಾಷಣ ಬರಲ್ಲ.

ಇದು ಹೊಸ ಕಸುಬೇನಲ್ಲ. 2,400 ವರ್ಷಗಳ ಹಿಂದೆ ಅಥೆನ್ಸ್‌ನ ನ್ಯಾಯಾಲಯಗಳಲ್ಲಿ ತಮ್ಮ ವಾದವನ್ನು ತಾವೇ ಹೇಳಬೇಕಿತ್ತು, ಹಾಗಾಗಿ ಜನ ದುಡ್ಡು ಕೊಟ್ಟು ಮಾತು ಬರೆಸಿಕೊಂಡು ಹೋಗುತ್ತಿದ್ದರು. ಲೈಸಿಯಾಸ್ ಅನ್ನುವವನು ಹೀಗೆ ಬರೆದುಕೊಟ್ಟೇ ಹೆಸರು ಮಾಡಿದ. ರೈತ ನಿಂತರೆ ರೈತನ ಮಾತು, ಮುದುಕ ನಿಂತರೆ ಮುದುಕನ ಮಾತು ಅನ್ನಿಸಬೇಕು, ಅದು ಅವನ ಕೈಚಳಕ.

ಆ ಮುಖ್ಯಸ್ಥರ ಜೊತೆ ನೇರವಾಗಿ ಮಾತಾಡಲು ಸಮಯ ಕೇಳಿ. "ನಿಮ್ಮ ಸಂದೇಶ ಏನು ಸರ್" ಅಂತ ಮಾತ್ರ ಕೇಳಬೇಡಿ, ಪಾಯಿಂಟ್ಸ್‌ನಲ್ಲಿ ಇರುವುದನ್ನೇ ಮತ್ತೆ ಹೇಳುತ್ತಾರೆ. ಈ ವಿಷಯದಲ್ಲಿ ನಿಮಗೆ ಸಿಟ್ಟು ಬರಿಸುವುದು ಏನು? ಮೀಟಿಂಗ್ ಮುಗಿದ ಮೇಲೆ ಗೆಳೆಯರ ಹತ್ತಿರ ಇದರ ಬಗ್ಗೆ ಏನಂತೀರಿ? ಇಂಥದ್ದು ಕೇಳಿ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಆಮೇಲೆ ಕೇಳುವಾಗ ವಿಷಯಕ್ಕಿಂತ ಮಾತಿನ ನಡಿಗೆ ಗಮನಿಸಿ: ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಪದ ಪದೇ ಪದೇ ಬರುತ್ತದೆ, ಯಾವುದು ಅವರ ಬಾಯಲ್ಲಿ ಬರುವುದೇ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. "ಕಳೆದ ವರ್ಷ ನಾವು ಆರಂಭಿಸಿದ, ಎಲ್ಲರ ಮೆಚ್ಚುಗೆ ಪಡೆದ, ಈಗ ವಿಸ್ತರಿಸಲು ಉದ್ದೇಶಿಸಿರುವ ಯೋಜನೆಯನ್ನು" ಅಂತ ಹೋಗುತ್ತಿದ್ದರೆ ಏನಾಯಿತು ಅಂತ ತಿಳಿಯುವುದಕ್ಕೆ ಸಭೆ ಕಾಯುತ್ತಾ ಕೂರಬೇಕು. ಓದುವವರು ಹಿಂದಿನ ಸಾಲಿಗೆ ಹೋಗಿ ಬರಬಹುದು, ಕೇಳುವವರಿಗೆ ಆ ಅನುಕೂಲ ಇಲ್ಲ. ಒಡೆಯಿರಿ. "ಕಳೆದ ವರ್ಷ ಒಂದು ಯೋಜನೆ ಶುರು ಮಾಡಿದೆವು. ಜನ ಮೆಚ್ಚಿದರು. ಈಗ ಅದನ್ನು ದೊಡ್ಡದು ಮಾಡುತ್ತೇವೆ."

ಮುಗಿಸಿದ ಮೇಲೆ ಎದ್ದು ನಿಂತು ಗಟ್ಟಿಯಾಗಿ ಓದಿ, ಗಡಿಯಾರ ಇಟ್ಟುಕೊಂಡೇ. 20 ನಿಮಿಷ ಅಂದರೆ 17ಕ್ಕೆ ಮುಗಿಯಲಿ, ಚಪ್ಪಾಳೆ, ತಡವರಿಕೆ, ನೀರು ಕುಡಿಯುವುದು ಎಲ್ಲ ಇರುತ್ತದೆ. ಪ್ರತಿಯಲ್ಲಿ ಅಕ್ಷರ ದೊಡ್ಡದಿರಲಿ, ಪುಟದ ಕೆಳಭಾಗ ಖಾಲಿ ಬಿಡಿ, ಆಗ ತಲೆ ತೀರಾ ಬಗ್ಗುವುದಿಲ್ಲ. ವಾಕ್ಯ ಒಂದು ಪುಟದಿಂದ ಇನ್ನೊಂದಕ್ಕೆ ದಾಟಬಾರದು. ಪುಟಕ್ಕೆ ನಂಬರ್ ಹಾಕಿ, ಪಿನ್ ಹೊಡೆಯಬೇಡಿ.

ನಡುರಾತ್ರಿ ಕರಡು:
ನೇರ ಭೇಟಿ ಎಲ್ಲರಿಗೂ ಸಿಗುತ್ತೆ ಅಂದುಕೊಳ್ಳಬೇಡಿ. ಸಿಗಲಿಲ್ಲ ಅಂತ ಕೆಲಸ ಬಿಡಬೇಕಾಗಿಯೂ ಇಲ್ಲ. ಅವರ ಹಳೆಯ ವಿಡಿಯೊ ಹುಡುಕಿ, ಆದರೆ ಭಾಷಣದ ಭಾಗ ನೋಡಬೇಡಿ, ಅದು ಇನ್ಯಾರೋ ಬರೆದದ್ದಿರಬಹುದು. ಕೊನೆಯಲ್ಲಿ ಸಭಿಕರ ಪ್ರಶ್ನೆಗೆ ಉತ್ತರ ಕೊಡುತ್ತಾರಲ್ಲ, ಅದನ್ನು ನೋಡಿ.

ಅವರೇ ಹೇಳಿದ ಸಾಲು ಅಂತ ಕಣ್ಣು ಮುಚ್ಚಿ ಹಾಕಲೂಬೇಡಿ. 2016ರಲ್ಲಿ ಮೆಲಾನಿಯಾ ಟ್ರಂಪ್ ಮಾಡಿದ ಭಾಷಣದಲ್ಲಿ ಮಿಶೆಲ್ ಒಬಾಮಾ 2008ರಲ್ಲಿ ಆಡಿದ್ದ ಮಾತುಗಳು ಸಿಕ್ಕವು. ಇಷ್ಟವಾದ ಸಾಲುಗಳನ್ನು ಮೆಲಾನಿಯಾ ಫೋನಿನಲ್ಲಿ ಓದಿ ಹೇಳಿದ್ದರು, ನಾನು ಬರೆದುಕೊಂಡಿದ್ದೆ, ಮೂಲ ನೋಡಲಿಲ್ಲ ಅಂತ ಬರೆದುಕೊಟ್ಟವರು ಆಮೇಲೆ ಹೇಳಿಕೆ ಕೊಟ್ಟರು. ಬೈಸಿಕೊಳ್ಳುವುದು ಯಾವಾಗಲೂ ನಾವೇ. ಚೆಂದದ ಸಾಲು ಕಂಡರೆ ಮೊದಲು ಹುಡುಕಿ ನೋಡಿ.

ಬರೆದವರ ಹೆಸರು ಎಲ್ಲೂ ಬರಲ್ಲ ಅನ್ನುವುದು ಗೊತ್ತಲ್ವಾ? ಮುಂದಿನ ಗಿರಾಕಿಗೆ ತೋರಿಸಲು ಮಾದರಿ ಬೇಕೇ ಬೇಕು. ಗಿರಾಕಿಯ ಭಾಷಣ ತೋರಿಸುವ ಹಾಗಿಲ್ಲ, ಹಾಗಾಗಿ ಕಲ್ಪಿತ ಸಂದರ್ಭಕ್ಕೆ ಒಂದೆರಡು ಬರೆದಿಟ್ಟುಕೊಳ್ಳಿ.

ಹೊಸ ಕೈ:
ಒಟ್ಟು ಮೊತ್ತವನ್ನೇ ಹೇಳಿದೆ, ಸ್ವಲ್ಪ ಗೊಣಗಿ ಒಪ್ಪಿದರು. ಅರ್ಧ ಗಂಟೆ ಫೋನಿನಲ್ಲಿ ಮಾತಾಡಿಸುತ್ತಾರಂತೆ. ಆದರೆ ಅವರು ವೇದಿಕೆಗೆ ಹೋದ ಮೇಲೆ ಹಾಳೆ ಬಿಟ್ಟು ಮಾತಾಡುವವರು ಅಂತ ಸಹಾಯಕರೇ ಹೇಳಿದರು. ಹಾಗಾದರೆ ಬರೆದು ಏನು ಪ್ರಯೋಜನ?

ಕೇಳುಗಿ:
1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಕೈಯಲ್ಲೂ ಬರೆದ ಪ್ರತಿ ಇತ್ತು, ಅವರ ಸಲಹೆಗಾರ ಕ್ಲಾರೆನ್ಸ್ ಜೋನ್ಸ್ ಅದರ ಕರಡಿಗೆ ಕೈ ಜೋಡಿಸಿದ್ದರು. ಎಲ್ಲರಿಗೂ ನೆನಪಿರುವ "ನನಗೊಂದು ಕನಸಿದೆ" ಅನ್ನುವ ಮಾತು ಆ ಪ್ರತಿಯಲ್ಲಿ ಇರಲೇ ಇಲ್ಲ. ಹತ್ತಿರದಲ್ಲಿದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ಬಗ್ಗೆ ಹೇಳಿ ಅಂತ ಕೂಗಿದರು, ಕಿಂಗ್ ಪ್ರತಿ ಬಿಟ್ಟು ಮಾತಾಡಿದರು. ಆದರೆ ಆ ಮಾತನ್ನು ಅವರು ಅದಕ್ಕೂ ಮೊದಲು ಬೇರೆ ಸಭೆಗಳಲ್ಲಿ ಆಡಿದ್ದರು, ಅಲ್ಲಿವರೆಗೆ ಸಭೆಯನ್ನು ತಂದು ನಿಲ್ಲಿಸಿದ್ದು ಬರೆದ ಭಾಗವೇ.

ನಿಮ್ಮವರು ಹಾಳೆ ಬಿಡುವವರು ಅಂತ ಮೊದಲೇ ಗೊತ್ತಾಗಿದ್ದು ಒಳ್ಳೆಯದೇ. ಶುರುವಿನ ಎರಡು ನಿಮಿಷ, ಕೊನೆಯ ಎರಡು ನಿಮಿಷ ಪೂರ್ತಿ ಬರೆಯಿರಿ. ನಡುವೆ ಅವರ ಕಥೆಗಳಿಗೆ ಬರೀ ತಲೆಬರಹ, ಅಂಕಿಅಂಶ ಮಾತ್ರ ದಪ್ಪ ಅಕ್ಷರದಲ್ಲಿ. ದಾರಿ ತಪ್ಪಿದರೆ ವಾಪಸ್ ಬರಲು ಪ್ರತಿ ಭಾಗಕ್ಕೂ ಒಂದು ಸಾಲು ಇಟ್ಟುಬಿಡಿ. ಭಾಷಣ ಆದ ಮೇಲೆ ರೆಕಾರ್ಡಿಂಗ್ ಮರೆಯದೆ ಕೇಳಿ ತರಿಸಿಕೊಳ್ಳಿ, ಒಪ್ಪಂದದಲ್ಲೇ ಹಾಕಿದರೆ ಇನ್ನೂ ಒಳ್ಳೆಯದು.