ಎಂವಿಎಸ್ಸಿಗೆ ಯಾವ ವಿಷಯ ತಗೊಳ್ಳಲಿ, ಪೇಪರ್ ಎಲ್ಲಿ ಹಾಕಲಿ? ದಾವಣಗೆರೆ–ದುರ್ಗದವರ ಅನುಭವ

ಕೇಳಿದವರು: ಎಂವಿಎಸ್ಸಿ ವಿದ್ಯಾರ್ಥಿನಿ, ಹರಿಹರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಪಶು ಪೋಷಣೆ ವಿಭಾಗದಲ್ಲಿ ಎಂವಿಎಸ್ಸಿ (ಪಶುವೈದ್ಯ ಸ್ನಾತಕೋತ್ತರ ಪದವಿ) ಸೇರಿದ್ದೇನೆ. ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಕೊಡುವ ದಿನ ಹತ್ತಿರ ಬಂತು. ಮನೆಯಲ್ಲಿ ಅಪ್ಪಾಜಿ ಕಂಪನಿ ಕೋಳಿ ಸಾಕುತ್ತಾರೆ, ಹಾಗಾಗಿ ಬ್ರಾಯ್ಲರ್ ಮೇಲೆ ಕೆಲಸ ಮಾಡುವ ಆಸೆ. ಗೈಡ್ ಕೇಳಿದ್ದು ಇಷ್ಟೇ: "ಈಗ ಜರ್ನಲ್‌ಗಳಲ್ಲಿ ಏನು ಬರ್ತಿದೆ, ನೋಡ್ಕೊಂಡು ಬಾ." ನೋಡಿದರೆ ತಲೆ ತಿರುಗುತ್ತದೆ. ಕರುಳಿನ ಸೂಕ್ಷ್ಮಜೀವಿ, ಜೀನೋಮ್, ಶೆಡ್‌ನಲ್ಲಿ ಕ್ಯಾಮೆರಾ, ಮೀಥೇನ್. ಇದರಲ್ಲಿ ನಮ್ಮ ಕೈಗೆ ಎಟುಕುವುದು ಯಾವುದು? ಯಾವ ಜರ್ನಲ್‌ಗೆ ಬೆಲೆ ಇದೆ? ವಾಟ್ಸ್ಆ್ಯಪ್‌ನಲ್ಲಿ "ಒಂದೇ ವಾರದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ" ಅಂತ ಮೆಸೇಜ್ ಬರುತ್ತಲೇ ಇವೆ. ದುಡ್ಡು ಕೊಡಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕೋಳಿ ಪೋಷಣೆ ಪ್ರಾಧ್ಯಾಪಕರು, ಮೂಲ ದಾವಣಗೆರೆ

ನೋಡಮ್ಮ, ಕೋಳಿ ಜರ್ನಲ್‌ಗಳನ್ನು ಇಷ್ಟು ವರ್ಷ ತುಂಬಿಸಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ. ಆ್ಯಂಟಿಬಯಾಟಿಕ್ ಇಲ್ಲದೆ ಕೋಳಿ ಬೆಳೆಸುವುದು ಹೇಗೆ? ತೂಕ ಬರಲಿ ಅಂತ ಫೀಡ್‌ಗೆ ಆ್ಯಂಟಿಬಯಾಟಿಕ್ ಹಾಕುವುದನ್ನು ಯುರೋಪ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ನಮ್ಮ ದೇಶದಲ್ಲಿ 2019ರಲ್ಲಿ ಕೊಲಿಸ್ಟಿನ್ ನಿಷೇಧ ಆಯಿತು. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಿದ್ದಾಗ ಕೊಡುವ ಔಷಧ ಅದು. ಅದನ್ನು ಕೋಳಿ ಫೀಡ್‌ಗೆ ಸುರಿಯುತ್ತಿದ್ದರು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಭಯ ಆಗುತ್ತದೆ.

ಅದರ ಬದಲಿಗೆ ಏನು ಅಂತ ಹುಡುಕುತ್ತಾ ಪ್ರೋಬಯಾಟಿಕ್, ಆರ್ಗ್ಯಾನಿಕ್ ಆ್ಯಸಿಡ್, ಎನ್‌ಜೈಮ್, ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು ಇವುಗಳ ಮೇಲೆ ರಾಶಿ ರಾಶಿ ಪೇಪರ್ ಬಂದವು. ಹಾಗಾಗಿ "ಅರಿಶಿನ ಅರ್ಧ ಪರ್ಸೆಂಟ್ ಹಾಕಿದೆವು, ಒಂದು ಪರ್ಸೆಂಟ್ ಹಾಕಿದೆವು, ತೂಕ ಇಷ್ಟು ಬಂತು" ಅನ್ನುವ ಕೆಲಸವನ್ನು ಒಳ್ಳೆಯ ಜರ್ನಲ್ ಈಗ ತಗೊಳ್ಳಲ್ಲ. ಯಾಕೆ ತೂಕ ಬಂತು ಅಂತ ಕೇಳುತ್ತಾರೆ. ಕರುಳಿನ ವಿಲ್ಲೈ (ಆಹಾರ ಹೀರುವ ಬೆರಳಿನಂಥ ಎಳೆಗಳು) ಎಷ್ಟು ಉದ್ದ ಇತ್ತು, ಸೀಕಮ್‌ನಲ್ಲಿ (ಕುರುಡುಗರುಳಿನಲ್ಲಿ) ಯಾವ ಬ್ಯಾಕ್ಟೀರಿಯಾ ಹೆಚ್ಚಿತು, ಯಾವ ಜೀನ್ ಚುರುಕಾಯಿತು? ಕೋಳಿಯ ಜೀನೋಮ್ 2004ರಲ್ಲೇ ಪ್ರಕಟವಾಗಿದೆ, ಸೀಕ್ವೆನ್ಸಿಂಗ್ ಕೂಡ ಅಗ್ಗವಾಗಿದೆ. ಅದಕ್ಕೇ ಈ ಪ್ರಶ್ನೆಗಳು. ಆದರೆ ಎಂವಿಎಸ್ಸಿ ಗ್ರಾಂಟ್‌ನಲ್ಲಿ ಸ್ಯಾಂಪಲ್‌ಗೆ ಇಷ್ಟು ಅಂತ ಹೊರಗಿನ ಲ್ಯಾಬ್‌ಗೆ ಕಟ್ಟುತ್ತಾ ಹೋದರೆ ಮರಿ ತರಲು ದುಡ್ಡು ಉಳಿಯಲ್ಲ.

ವಿಷಯ ಯಾವುದೇ ಇರಲಿ, ರಿವ್ಯೂವರ್ (ಪ್ರಕಟಿಸುವ ಮುಂಚೆ ಪೇಪರ್ ಓದಿ ತೂಗುವವರು) ಮೊದಲು ಎಣಿಸುವುದು ಪೆನ್, ಅಂದರೆ ಶೆಡ್‌ನೊಳಗೆ ಜಾಲರಿ ಕಟ್ಟಿ ಮಾಡಿದ ಅಂಕಣ. ಒಂದು ಪೆನ್‌ನಲ್ಲಿ ಇಪ್ಪತ್ತು ಕೋಳಿ ಒಂದೇ ಫೀಡರ್‌ನಲ್ಲಿ ತಿಂದರೆ ಅದು ಇಪ್ಪತ್ತು ಲೆಕ್ಕ ಅಲ್ಲ, ಒಂದೇ ಲೆಕ್ಕ. 240 ಮರಿ ತಂದೆ ಅಂದುಕೋ. ನಾಲ್ಕು ಗುಂಪು ಮಾಡಿ ಪೆನ್‌ಗೆ ಇಪ್ಪತ್ತರಂತೆ ಬಿಟ್ಟರೆ ಗುಂಪಿಗೆ ಸಿಗುವುದು ಮೂರೇ ಪೆನ್. ಅದೇ ಮರಿಗಳನ್ನು ಹತ್ತರಂತೆ ಬಿಟ್ಟರೆ ಆರು ಪೆನ್. ಮರಿಯ ಖರ್ಚು ಅಷ್ಟೇ. ಜಾಲರಿ, ಫೀಡರ್, ಡ್ರಿಂಕರ್ ಮಾತ್ರ ಜಾಸ್ತಿ ಬೇಕು. ಇದೊಂದೇ ಕಾರಣಕ್ಕೆ ವಾಪಸ್ ಬಂದ ಎಷ್ಟೋ ಒಳ್ಳೆಯ ಥೀಸಿಸ್‌ಗಳನ್ನು ನೋಡಿ ಸಂಕಟಪಟ್ಟಿದ್ದೇನೆ. ವರ್ಷಗಟ್ಟಲೆ ದುಡಿದ ಮಕ್ಕಳ ಕೆಲಸ ಅದು.

ನಿನಗೆ ನಾನು ಹೇಳುವ ವಿಷಯ ಮೆಕ್ಕೆಜೋಳದ ಡಿಡಿಜಿಎಸ್, ಅಂದರೆ ಕಾಳಿನಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿ. ಪೆಟ್ರೋಲ್‌ಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರ ಬದಲು 2025–26ಕ್ಕೇ ಇಟ್ಟುಕೊಂಡಿತು. ನಮ್ಮ ಎಪಿಎಂಸಿಗೆ ಬರುವಂಥ ಕಾಳಿಗೆ ಕೋಳಿಯವರ ಜೊತೆ ಡಿಸ್ಟಿಲರಿಯವರೂ ಗಿರಾಕಿ ಆದರು. ಪಿಷ್ಟವೆಲ್ಲ ಎಥೆನಾಲ್ ಆದ ಮೇಲೆ ಉಳಿಯುವುದು ಕಾಳಿನ ತೂಕದ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಪ್ರೋಟೀನ್ ಮೂರು ಪಟ್ಟಿನಷ್ಟು ಸಾಂದ್ರ ಆಗುತ್ತದೆ. ಕಾಳಿಗೆ ಬೂಷ್ಟು ಹಿಡಿದಿದ್ದರೆ ಅದರ ವಿಷ ಅಫ್ಲಾಟಾಕ್ಸಿನ್ ಕೂಡ ಹಾಗೇ. ಹುಳಿಸಿದರೂ ಒಣಗಿಸಿದರೂ ಅದು ಪೂರ್ತಿ ಹೋಗಲ್ಲ. ಮಳೆಗೆ ಸಿಕ್ಕ ಕಾಳನ್ನು ರಸ್ತೆ ಮೇಲೆ ಹರವಿ ಒಣಗಿಸುವುದನ್ನು ನೋಡುತ್ತಾ ಬೆಳೆದವಳು ನೀನು. ಇದನ್ನು ಯಾರೂ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಶುವೈದ್ಯ, ಚಳ್ಳಕೆರೆ ಕಡೆ

ಸರ್ ಹೇಳಿದ್ದಕ್ಕೆ ನನ್ನದೊಂದು ಮಾತು. ಮೇಡಂ, ಕೋಳಿಯೇ ಆಗಬೇಕಾ? 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳೇ 1 ಕೋಟಿ 10 ಲಕ್ಷ ದಾಟಿವೆ. ನಮ್ಮ ದುರ್ಗದ ಬಯಲಿನ ತುಂಬ ಮಂದೆಗಳೇ. ಬರೆಯುವವರು ಮಾತ್ರ ಕಡಿಮೆ.

ಕುರಿ ವಿಷಯದಲ್ಲಿ ಈಗ ಎರಡು ಕಡೆ ಕೆಲಸ ಜೋರಾಗಿದೆ. ಒಂದು ಪಿಪಿಆರ್. ಆಡು ಕುರಿಗೆ ಬರುವ ಈ ಹಿರೇಬೇನೆಯನ್ನು 2030ರೊಳಗೆ ಪ್ರಪಂಚದಿಂದಲೇ ತೊಲಗಿಸಬೇಕು ಅಂತ ಗುರಿ ಇದೆ. ಆದ್ದರಿಂದ ಲಸಿಕೆ ಹಾಕಿದ ಮಂದೆಯಲ್ಲಿ ರೋಗನಿರೋಧಕ ಶಕ್ತಿ ಎಷ್ಟು ಉಳಿದಿದೆ ಅನ್ನುವ ಲೆಕ್ಕಕ್ಕೆ ಬೆಲೆ ಇದೆ. ಯಲಹಂಕದ ನಿವೇದಿ (ಜಾನುವಾರು ರೋಗಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಸಂಸ್ಥೆಯವರು ಇಂಥ ಸಮೀಕ್ಷೆ ಮಾಡುತ್ತಾರೆ.

ಇನ್ನೊಂದು ಅವಳಿ ಮರಿಯ ಜೀನ್, ಫೆಕ್‌ಬಿ. ಬಂಗಾಳದ ಗ್ಯಾರೋಲ್ ಕುರಿಯಲ್ಲಿದ್ದ ಇದನ್ನು ಮಹಾರಾಷ್ಟ್ರದ ಫಲಟಣದಲ್ಲಿ ದಖನಿ ಕುರಿಗೆ ತಂದು ಸುವರ್ಣ ಅನ್ನುವ ತಳಿ ಮಾಡಿದರು. ಪೇಪರ್‌ನಲ್ಲಿ ಚೆನ್ನಾಗಿದೆ. ನಮ್ಮ ಕುರಿಗಾಹಿಗಳು ಕೇಳುವುದೇ ಬೇರೆ. ಬೆಳಗ್ಗೆ ಮಂದೆ ಬಿಡುವ ಮುಂಚೆ ರೊಪ್ಪದಲ್ಲಿ ಒಂದೊಂದೇ ಮರಿ ಹಿಡಿದು ತಾಯಿಗೆ ಬಿಟ್ಟು ಹಾಲು ಕುಡಿಸುತ್ತಾರಲ್ಲ, ಆಗ ನಿಂತು ನೋಡಿ. ಒಂಟಿ ಮರಿಗೇ ಹಾಲು ಸಾಲದ ಕುರಿಗಳು ಬೇಸಿಗೆಯಲ್ಲಿ ಎಷ್ಟೋ ಇರುತ್ತವೆ. "ಎರಡು ಹಾಕಿದ್ರೆ ಯಾವ್ದನ್ನ ಉಳಿಸ್ಲಿ ಸ್ವಾಮಿ?" ಅಂತ ಕೇಳುತ್ತಾರೆ. ಒಣಭೂಮಿಯಲ್ಲಿ ಮೇಯುವ ತಾಯಿಗೆ ಯಾವ ತಿಂಗಳಲ್ಲಿ, ಎಷ್ಟು ಕೈತಿಂಡಿ ಕೊಟ್ಟರೆ ಎರಡೂ ಮರಿ ಉಳಿಯುತ್ತವೆ? ನೀವು ಪೋಷಣೆ ವಿಭಾಗದವರು, ಇದು ನಿಮ್ಮದೇ ಪ್ರಶ್ನೆ. ಸ್ಮಾಲ್ ರೂಮಿನಂಟ್ ರಿಸರ್ಚ್‌ನಂಥ ಜರ್ನಲ್‌ಗಳು ಇರುವುದೇ ಇಂಥ ಕೆಲಸಕ್ಕೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮ್ಯಾಸನಾಯಕರ ದೇವರ ಎತ್ತುಗಳಿವೆ. ಕಿಲಾರಿಗಳು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಗುಂಪುಗಳು. ಮೇವಿಲ್ಲದ ವರ್ಷ ಅವು ಪಡುವ ಪಾಡು ನೋಡಲಾಗದು. ತಳಿ ವಿಭಾಗದ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಕಡೆ ಬನ್ನಿ.

ಕಾಲೇಜು ಗ್ರಂಥಪಾಲಕಿ, ದಾವಣಗೆರೆ

ಜರ್ನಲ್ ಬಗ್ಗೆ ನಾನು ಹೇಳುತ್ತೇನೆ. ಆ ವಾಟ್ಸ್ಆ್ಯಪ್ ಮೆಸೇಜ್‌ಗಳಿಗೆ ಉತ್ತರವನ್ನೇ ಕೊಡಬೇಡಿ. ಒಂದು ವಾರದಲ್ಲಿ ಪ್ರಕಟಿಸುತ್ತೇವೆ ಅನ್ನುವವರು ಪೇಪರನ್ನು ಯಾರ ಹತ್ತಿರವೂ ಓದಿಸುವುದಿಲ್ಲ. ಇನ್ನೂ ಕೆಟ್ಟ ಪದ್ಧತಿ ಒಂದಿದೆ. ನಿಜವಾದ ಜರ್ನಲ್‌ನ ಹೆಸರು, ಐಎಸ್ಎಸ್ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಎರಡನ್ನೂ ಕದ್ದು ಅದೇ ರೀತಿಯ ವೆಬ್‌ಸೈಟ್ ಕಟ್ಟುತ್ತಾರೆ. ಹಾಗಾಗಿ ಗೂಗಲ್‌ನಲ್ಲಿ ಮೊದಲು ಬಂದ ಲಿಂಕ್ ಒತ್ತಬೇಡಿ. ಜರ್ನಲ್‌ಗಳನ್ನು ಪರಿಶೀಲಿಸಿ ಸೇರಿಸುವ ಸ್ಕೋಪಸ್ ಪಟ್ಟಿಯಿಂದಲೋ, ಓಪನ್ ಆ್ಯಕ್ಸೆಸ್ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆ ಇಂದಲೋ ಜರ್ನಲ್ ಪುಟಕ್ಕೆ ಹೋಗಿ. ಹಳೆಯ ಸೀನಿಯರ್‌ಗಳು "ಯುಜಿಸಿ ಕೇರ್ ಪಟ್ಟಿ ನೋಡು" ಅನ್ನಬಹುದು. ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ ಅದು. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಕೃಷಿ, ಪಶು ವಿಶ್ವವಿದ್ಯಾಲಯಗಳಲ್ಲಿ ನಡೆಯುವುದು ನಾಸ್ ಸ್ಕೋರ್, ಅಂದರೆ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಜರ್ನಲ್‌ಗಳಿಗೆ ಕೊಡುವ ಅಂಕ. ಪ್ರತಿ ಜನವರಿಗೆ ಹೊಸ ಪಟ್ಟಿ ಬರುತ್ತದೆ, ಆ ವರ್ಷದ್ದನ್ನೇ ನೋಡಿ.

ದುಡ್ಡು ಕೇಳುವುದೆಲ್ಲ ಮೋಸ ಅಲ್ಲ. ಪೌಲ್ಟ್ರಿ ಸೈನ್ಸ್ 2020ರಿಂದ, ಜರ್ನಲ್ ಆಫ್ ಡೇರಿ ಸೈನ್ಸ್ 2022ರಿಂದ ಪೂರ್ತಿ ಓಪನ್ ಆ್ಯಕ್ಸೆಸ್ ಆಗಿವೆ. ಓದುವವರಿಗೆ ಪುಕ್ಕಟೆ, ಬರೆಯುವವರಿಗೆ ಲಕ್ಷ ರೂಪಾಯಿ ದಾಟುವ ಶುಲ್ಕ. ನಮ್ಮ ಹಳ್ಳಿಯ ಹುಡುಗಿ ಅಷ್ಟು ಎಲ್ಲಿಂದ ತರಬೇಕು? ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಬ್ರಿಟಿಷ್ ಪೌಲ್ಟ್ರಿ ಸೈನ್ಸ್, ಟ್ರಾಪಿಕಲ್ ಅನಿಮಲ್ ಹೆಲ್ತ್ ಆ್ಯಂಡ್ ಪ್ರೊಡಕ್ಷನ್ ಇಂಥವುಗಳಲ್ಲಿ ಓದುವವರೇ ದುಡ್ಡು ಕೊಡುವ ಚಂದಾ ದಾರಿ ಇನ್ನೂ ಇದೆ. ಅದನ್ನು ಆರಿಸಿಕೊಂಡರೆ ಲೇಖಕರಿಗೆ ಶುಲ್ಕ ಇಲ್ಲ. ನಮ್ಮ ದೇಶದ್ದೇ ಆದ ಇಂಡಿಯನ್ ಜರ್ನಲ್ ಆಫ್ ಅನಿಮಲ್ ಸೈನ್ಸಸ್ 1931ರಿಂದ ನಡೆದು ಬಂದಿದೆ. ಇಂಡಿಯನ್ ಜರ್ನಲ್ ಆಫ್ ಪೌಲ್ಟ್ರಿ ಸೈನ್ಸ್ ಕೂಡ ಇದೆ.

ಓದುವುದಕ್ಕಂತೂ ಈಗ ತೊಂದರೆ ಇಲ್ಲ. 2025ರಿಂದ "ಒಂದು ದೇಶ ಒಂದು ಚಂದಾ" ಯೋಜನೆಯಲ್ಲಿ ಸರ್ಕಾರಿ ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ತೆರೆದಿವೆ. ನಿಮ್ಮ ಲೈಬ್ರರಿಯವರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಿ.

ಪಿಎಚ್‌ಡಿ ವಿದ್ಯಾರ್ಥಿನಿ, ಹೊಳಲ್ಕೆರೆ

ತಂಗಿ, ಒಂದನ್ನು ಮಾತ್ರ ಮರೀಬೇಡ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಪ್ರಯೋಗ ಶುರು ಆಗುವ ಮುಂಚೆಯೇ ಕೈಯಲ್ಲಿರಬೇಕು. ಆ ಅನುಮತಿ ಸಂಖ್ಯೆಯನ್ನು ಜರ್ನಲ್‌ನವರು ಕೇಳುತ್ತಾರೆ. ಆಮೇಲೆ ತರಲು ಬರಲ್ಲ. ಪ್ರಾಣಿಗಳ ಪ್ರಯೋಗವನ್ನು ಹೇಗೆ ಬರೆಯಬೇಕು ಅಂತ ಹೇಳುವ ಅರೈವ್ ಮಾರ್ಗಸೂಚಿಯ 2020ರ ಆವೃತ್ತಿ ಇಳಿಸಿಕೊಂಡು ಈಗಲೇ ಓದು. ಪ್ರಾಣಿಗಳನ್ನು ಗುಂಪಿಗೆ ಹೇಗೆ ಹಂಚಿದಿರಿ, ಸತ್ತವೆಷ್ಟು, ಕೈಬಿಟ್ಟವೆಷ್ಟು ಎಲ್ಲವನ್ನೂ ಬರೆಯಬೇಕು. ಮೊದಲೇ ಗೊತ್ತಿದ್ದರೆ ನೋಟ್‌ಬುಕ್‌ನಲ್ಲಿ ಆ ಕಾಲಂ ಹಾಕಿಕೊಳ್ಳಬಹುದು.

ವಿಒಎಸ್‌ವ್ಯೂವರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಯಾವ ಪದಗಳು ಪೇಪರ್‌ಗಳಲ್ಲಿ ಜೊತೆಜೊತೆಗೆ ಬರುತ್ತಿವೆ ಅಂತ ನಕ್ಷೆ ಹಾಕಿ ತೋರಿಸುತ್ತದೆ. ಗೈಡ್ ಕೇಳಿದ ಪ್ರಶ್ನೆಗೆ ಸುಮ್ನೆ ಬಾಯಲ್ಲಿ ಹೇಳುವ ಬದಲು ಆ ನಕ್ಷೆ ಇಡು. ಆದರೆ ದೊಡ್ಡ ಚುಕ್ಕೆ ಇರುವ ಕಡೆಯೇ ಓಡಬೇಡ. ಅಲ್ಲಿ ಚೀನಾದ, ಅಮೆರಿಕದ ದೊಡ್ಡ ಲ್ಯಾಬ್‌ಗಳಿವೆ.

ಕೋಳಿ ಸಾಕಣೆದಾರ, ಜಗಳೂರು ರಸ್ತೆ

ತಂಗಿ, ನಿಮ್ಮ ಅಪ್ಪಾಜಿಗೂ ಇದೇ ಅನುಭವ ಇರುತ್ತದೆ. ನಾವು ಕಂಪನಿ ಕೋಳಿ ಸಾಕುವವರು. ಮರಿ ಅವರದು, ಫೀಡ್ ಅವರದು, ಔಷಧಿ ಅವರದು. ಫೀಡ್‌ಗೆ ನಾವು ಒಂದು ಚಿಟಿಕೆ ಏನೂ ಬೆರೆಸುವಂತಿಲ್ಲ. ಅರಿಶಿನ, ಡಿಡಿಜಿಎಸ್ ಏನೇ ಕಂಡುಹಿಡಿದರೂ ಅದು ಕಂಪನಿಗೆ ಹೋಗುತ್ತದೆ, ನಮಗಲ್ಲ.

ನಮ್ಮದು ಅಂತ ಇರುವುದು ಶೆಡ್, ಪರದೆ, ಕರೆಂಟು, ನೆಲಕ್ಕೆ ಹಾಕುವ ಹೊಟ್ಟು. ಚಳಿಗಾಲದಲ್ಲಿ ಮರಿಗೆ ಥಂಡಿ ಆಗುತ್ತದೆ ಅಂತ ಪರದೆ ಇಳಿಸುತ್ತೇವೆ. ಬೆಳಗಿನ ಜಾವ ಬಾಗಿಲು ತೆಗೆದರೆ ಗ್ಯಾಸ್ ಕಣ್ಣಿಗೆ ಹೊಡೆಯುತ್ತದೆ. ನೀರಿನ ನಿಪ್ಪಲ್ ಕೆಳಗೆ ಹೊಟ್ಟು ಕಪ್ಪಗೆ ಗಟ್ಟಿ ಹಪ್ಪಳೆ ಆಗಿರುತ್ತದೆ. ಅದರ ಮೇಲೆ ನಿಂತ ಕೋಳಿಯ ಕಾಲೆತ್ತಿ ನೋಡಿದರೆ ಅಂಗಾಲಲ್ಲಿ ಕರಿ ಹುಣ್ಣು. ಅಂಥ ಬ್ಯಾಚ್‌ನಲ್ಲಿ ತೂಕ ಬರಲ್ಲ, ನಮ್ಮ ಕೂಲಿ ಕಡಿತ ಆಗುತ್ತದೆ.

ಭತ್ತದ ಹೊಟ್ಟಿಗೆ ಈಗ ಬಾಯ್ಲರ್‌ನವರು, ಇಟ್ಟಿಗೆಯವರು ಎಲ್ಲರೂ ಗಿರಾಕಿ. ಚನ್ನಗಿರಿ ಕಡೆ ಅಡಿಕೆ ಸಿಪ್ಪೆ ಗುಡ್ಡೆಗಟ್ಟಲೆ ಬಿದ್ದಿರುತ್ತದೆ, ಸುಡುತ್ತಾರೆ. ಅದನ್ನು ಪುಡಿ ಮಾಡಿ ಹಾಕಿದರೆ ಆಗುತ್ತಾ ಅಂತ ಎಷ್ಟೋ ಜನರನ್ನು ಕೇಳಿದ್ದೇನೆ. "ನೋಡೋಣ" ಅಂತಾರೆ, ಅಷ್ಟೇ. ನೀವು ನೋಡಿ ಹೇಳಿದರೆ ನಮ್ಮ ಕಡೆಯವರೆಲ್ಲ ಕೈ ಮುಗಿಯುತ್ತೇವೆ. ಹಾಗೇ ಆ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಿ. ಇಂಗ್ಲಿಷ್ ಪೇಪರ್ ನಮ್ಮ ಶೆಡ್‌ಗೆ ಬರಲ್ಲ.

ಕೇಳಿದವರು

ಅಣ್ಣ, ನೀವು ಹೇಳಿದ ಕರಿ ಹುಣ್ಣು ನಮ್ಮ ಶೆಡ್‌ನಲ್ಲೂ ಇದೆ. ದಿನಾ ನೋಡುತ್ತೇನೆ, ಆದರೆ ಸಂಶೋಧನೆ ಅಂದ ತಕ್ಷಣ ಫೀಡ್ ಬಿಟ್ಟು ಬೇರೆ ಹೊಳೆಯಲೇ ಇಲ್ಲ. ಸರ್, ಅಡಿಕೆ ಸಿಪ್ಪೆಯ ಲಿಟರ್ (ಶೆಡ್‌ನ ನೆಲಕ್ಕೆ ಹಾಕುವ ಹಾಸು) ಅಂದರೆ ಜರ್ನಲ್‌ನವರು ತಗೋತಾರಾ? ನನ್ನದು ಪೋಷಣೆ ವಿಭಾಗ, ಗೈಡ್ ಒಪ್ಪುತ್ತಾರಾ?

ಕೋಳಿ ಪೋಷಣೆ ಪ್ರಾಧ್ಯಾಪಕರು

ಜಗಳೂರಿನವರು ಕೇಳಿದ್ದು ಡಿಡಿಜಿಎಸ್‌ಗಿಂತ ಒಳ್ಳೆಯ ಪ್ರಶ್ನೆ. ಇದನ್ನೇ ಹಿಡಿ. ಕೋಳಿಯ ಕ್ಷೇಮ ಅನ್ನುವುದು ಈಗ ಜರ್ನಲ್‌ಗಳಲ್ಲಿ ದೊಡ್ಡ ವಿಭಾಗ. ಯುರೋಪ್ ಒಕ್ಕೂಟದ 2007ರ ಬ್ರಾಯ್ಲರ್ ನಿಯಮದಲ್ಲಿ ಚದರ ಮೀಟರ್‌ಗೆ 33 ಕಿಲೋಗಿಂತ ಜಾಸ್ತಿ ಕೋಳಿ ಸಾಕುವವರಿಗೆ ಅಮೋನಿಯಾ, ಅಂದರೆ ಅವರು ಹೇಳಿದ ಕಣ್ಣಿಗೆ ಹೊಡೆಯುವ ಗ್ಯಾಸ್, 20 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 20) ದಾಟಬಾರದು ಅಂತ ಇದೆ. ಅಂಗಾಲಿನ ಹುಣ್ಣಿಗೆ ಅಂಕ ಕೊಡುವ ಪದ್ಧತಿಯೂ ಇದೆ. ಅಂದರೆ ಅಳತೆಗೋಲು ಆಗಲೇ ತಯಾರಿದೆ, ಅಡಿಕೆ ಸಿಪ್ಪೆ ನಿನ್ನದು. ಪೋಷಣೆಗೂ ನಂಟಿದೆ. ಫೀಡ್‌ನ ಪ್ರೋಟೀನ್ ಹೆಚ್ಚಾದಷ್ಟೂ ಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ಗ್ಯಾಸೂ ಹೆಚ್ಚು. ಎರಡು ಪ್ರೋಟೀನ್ ಮಟ್ಟ, ಎರಡು ಲಿಟರ್, ಒಟ್ಟು ನಾಲ್ಕು ಗುಂಪು. ಗೈಡ್ ಬೇಡ ಅನ್ನಲು ಕಾರಣ ಕಾಣಲ್ಲ. ಕಾಲೇಜಿನ ಶೆಡ್‌ನಲ್ಲೇ ಮಾಡು, ಕಂಪನಿ ಮರಿಗಳ ಮೇಲೆ ಬೇಡ.

ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ, ಸಣ್ಣಗೆ ಕತ್ತರಿಸಿ ಹಾಕು. ನಾರು ಉದ್ದ ಇದ್ದರೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊದಲ ವಾರ ಮರಿಗಳು ಲಿಟರ್ ಕುಕ್ಕಿ ತಿನ್ನುತ್ತವೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟದ ಸಿಪ್ಪೆಯಾದರೆ ತಾಮ್ರದ ಅಂಶ ಪರೀಕ್ಷೆ ಮಾಡಿಸದೆ ಹಾಕಬೇಡ.

ಅಮೋನಿಯಾ ಮೀಟರನ್ನು ನಿಂತು ಹಿಡಿಯಬಾರದು. ಕೂತು, ಕೋಳಿಯ ತಲೆ ಇರುವ ಎತ್ತರದಲ್ಲಿ ಹಿಡಿ, ಬೆಳಗ್ಗೆ ಪರದೆ ಎತ್ತುವ ಮುಂಚೆ. ದಿನಾ ಒಂದೇ ಹೊತ್ತಿಗೆ, ಪ್ರತಿ ಪೆನ್‌ನಲ್ಲೂ ಅದೇ ಜಾಗದಲ್ಲಿ. ಸಿನಾಪ್ಸಿಸ್ ಬರೆದ ಮೇಲೆ ಕಳಿಸು, ಓದಿ ತಿದ್ದಿಕೊಡುತ್ತೇನೆ.