ಮೊದಲು ತಕ್ಕಡಿ, ಆಮೇಲೆ ಹಿಚ್

ಪುಟ್ಟಿ, ನಿನ್ನ ಮೆಸೇಜ್‌ಗೆ ಎರಡು ಸಲ ಟೈಪ್ ಮಾಡಲು ಕೂತೆ, ಎರಡು ಸಲವೂ ಅಳಿಸಿದೆ. ಇದು ನಾಲ್ಕು ಸಾಲಿನಲ್ಲಿ ಮುಗಿಯೋದಲ್ಲ. ಮಾತಾಡಿಯೇ ಬಿಡುತ್ತೇನೆ. ಉದ್ದ ಆಗುತ್ತದೆ, ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳು.

ಗುಂಪಿನಲ್ಲಿ ಮಿಕ್ಕವರಿಗೂ ಗೊತ್ತಾಗಲಿ. ಪುಟ್ಟಿ ಮತ್ತು ಅಳಿಯಂದಿರು ಡೆನ್ವರ್‌ನಲ್ಲಿ 26 ಅಡಿಯ ಟ್ರಾವೆಲ್ ಟ್ರೇಲರ್ ಕೊಂಡಿದ್ದಾರೆ. ಚಕ್ರದ ಮೇಲಿನ ಮನೆ ಅಂದುಕೊಳ್ಳಿ: ಮಂಚ, ಒಲೆ, ಬಚ್ಚಲು ಎಲ್ಲ ಇರುತ್ತದೆ. ಅದನ್ನ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಜೂನ್‌ನಲ್ಲಿ ಯೆಲ್ಲೊಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೋಗುವ ಪ್ಲಾನ್. ಮಾರಿದವರು ‘ಹಿಚ್ ಜೊತೆ ಒಂದು ಫ್ರಿಕ್ಷನ್ ಸ್ವೇ ಬಾರ್ ಹಾಕಿಕೊಡುತ್ತೇವೆ, ಸಾಕು’ ಅಂದಿದ್ದಾರೆ. ಹಿಚ್ ಅಂದರೆ ಟ್ರಕ್ಕಿಗೂ ಟ್ರೇಲರಿಗೂ ನಡುವಿನ ಕೊಂಡಿ, ಸ್ವೇ ಬಾರ್ ಅಂದರೆ ಟ್ರೇಲರ್ ಅತ್ತಿತ್ತ ಅಲ್ಲಾಡದ ಹಾಗೆ ತಡೆಯುವ ಸರಳು. ಅಳಿಯಂದಿರ ಸ್ನೇಹಿತರೊಬ್ಬರು ‘ಮೂರು ಸಾವಿರ ಡಾಲರಿನ ಹಿಚ್ಚೇ ತಗೊಳ್ಳಿ, ಮಿಕ್ಕಿದ್ದೆಲ್ಲ ಆಟದ ಸಾಮಾನು’ ಅಂದಿದ್ದಾರೆ. ಯಾರ ಮಾತು ಕೇಳಲಿ ಅಂತ ಪ್ರಶ್ನೆ.

ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡು. ಟ್ರೇಲರ್ ತೂಗಿಸಿದ್ದೀಯಾ? ಇಲ್ಲ ಅಲ್ವಾ? ಅಲ್ಲಿಂದ ಶುರು ಮಾಡೋಣ.

ಊರಿಂದ ಅಣ್ಣ ಕೇಳಿದ್ದಾನೆ, ಟ್ರೇಲರ್ ಅಲ್ಲಾಡೋದಾದರೂ ಯಾಕೆ ಅಂತ. ಅಣ್ಣಾ, ನಿನಗೆ ಹೇಳೋದು ಸುಲಭ. ನಮ್ಮ ಕಬ್ಬಿನ ಗಾಡಿ ನೆನಪಿಸಿಕೋ. ಹಿಂಭಾರ ಆದರೆ ಮೂಕಿ ಮೇಲೇಳುತ್ತಿತ್ತು, ಎತ್ತಿನ ಕೊರಳ ಹಗ್ಗ ಬಿಗಿಯುತ್ತಿತ್ತು. ಮುಂಭಾರ ಆದರೆ ನೊಗ ಹೆಗಲು ಅರೆಯುತ್ತಿತ್ತು. ಅಪ್ಪ ಎತ್ತು ಕಟ್ಟುವ ಮುಂಚೆ ಮೂಕಿ ಕೆಳಗೆ ಕೈ ಕೊಟ್ಟು ಒಂದು ಸಲ ಎತ್ತಿ ನೋಡಿ, ‘ಇನ್ನೆರಡು ಹೊರೆ ಮುಂದಕ್ಕೆ ಎಳೀರೋ’ ಅನ್ನುತ್ತಿದ್ದರು. ಇಲ್ಲಿ ಮೂಕಿಗೆ ಟಂಗ್ ಅನ್ನುತ್ತಾರೆ. ಅದು ಟ್ರಕ್ಕಿನ ಹಿಂದಿರುವ ಕಬ್ಬಿಣದ ಗುಂಡಿನ ಮೇಲೆ ಒತ್ತುವ ಭಾರವೇ ಟಂಗ್ ವೇಟ್. ಸಾಮಾನು ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಅಲ್ಲಿ ಕೂರಬೇಕು. ನಾನು 12–13 ಇರೋ ಹಾಗೆ ನೋಡಿಕೊಳ್ಳುತ್ತೇನೆ. ಎತ್ತಿನ ನಡಿಗೆಯಲ್ಲಿ ಹಿಂಭಾರ ಆದರೆ ಕಷ್ಟ ಎತ್ತಿಗೆ ಮಾತ್ರ. ಗಂಟೆಗೆ 65 ಮೈಲಿಯಲ್ಲಿ ಹಿಂಭಾರ ಆದರೆ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಒಂದು ಬೀಸಿಗಿಂತ ಮುಂದಿನ ಬೀಸು ದೊಡ್ಡದು. ಅದಕ್ಕೇ ಸ್ವೇ ಅನ್ನೋದು.

ನನಗೆ ಅದು ಆಗಿದ್ದು 2016ರಲ್ಲಿ. ಆಗ ನಿಮಗೆಲ್ಲ ಅರ್ಧ ಮಾತ್ರ ಹೇಳಿದ್ದೆ. ವಯೋಮಿಂಗ್‌ನಲ್ಲಿ ಲಾರಮಿ ದಾಟಿ ಐ-80 ಹೆದ್ದಾರಿಯಲ್ಲಿ ಎಲ್ಕ್ ಮೌಂಟನ್ ಹತ್ತಿರ ಹೋಗುತ್ತಿದ್ದೆವು. ಆ ಭಾಗ ಗಾಳಿಗೆ ಹೆಸರುವಾಸಿ. ಇಳಿಜಾರು, 68 ಮೈಲಿ ವೇಗ. ಎಡಗಡೆಯಿಂದ ಒಂದು ದೊಡ್ಡ ಲಾರಿ ದಾಟಿತು. ಲಾರಿಯ ಮೂತಿ ಪಕ್ಕಕ್ಕೆ ಬಂದಾಗ ನಮ್ಮ ಟ್ರೇಲರನ್ನ ಆಚೆ ನೂಕಿತು, ದಾಟಿ ಹೋಗುವಾಗ ತನ್ನ ಕಡೆಗೆ ಎಳೆಯಿತು. ಬಲಗನ್ನಡಿಯಲ್ಲಿ ಟ್ರೇಲರಿನ ಪಕ್ಕದ ಗೋಡೆ ಇಡಿಯಾಗಿ ಕಾಣಿಸಿತು. ಕಣ್ಣು ಎಡಗನ್ನಡಿಗೆ ಹೋಗುವಷ್ಟರಲ್ಲಿ ಅಲ್ಲೂ ಗೋಡೆ. ಟ್ರಕ್ಕಿನ ಸೊಂಟ ಹಿಡಿದು ಯಾರೋ ಒದರಿದ ಹಾಗೆ. ನಿನ್ನ ಚಿಕ್ಕಮ್ಮ ಬಾಗಿಲ ಮೇಲಿನ ಹಿಡಿ ಹಿಡಿದು ಸುಮ್ಮನಾದಳು. ಅವಳು ಸುಮ್ಮನಾದಳು ಅಂದರೆ ಪರಿಸ್ಥಿತಿ ಏನು ಅಂತ ನಿಮಗೆಲ್ಲ ಗೊತ್ತು.

ಗಾಬರಿಯಲ್ಲಿ ಬ್ರೇಕ್ ಜೋರಾಗಿ ತುಳಿದೆ. ಅದೇ ತಪ್ಪು. ಟ್ರಕ್ಕಿನ ಮೂತಿ ಕುಸಿಯಿತು, ಹಿಂದಿನ ಚಕ್ರ ಹಗುರ ಆಯಿತು, ಹಿಂದಿನಿಂದ ಐದೂವರೆ ಸಾವಿರ ಪೌಂಡ್ ನೂಕಿಕೊಂಡು ಬಂತು. ಬೀಸು ಇನ್ನೂ ಹೆಚ್ಚಾಯಿತು. ಕಾಲು ತೆಗೆದೆ. ಅದು ಹೇಗೋ ಕೈ ಬ್ರೇಕ್ ಕಂಟ್ರೋಲರಿನ ಹಿಡಿಗೆ ಹೋಯಿತು. ಸ್ಟೀರಿಂಗ್ ಪಕ್ಕದಲ್ಲಿ ಸಣ್ಣದಾಗಿ ಇರುತ್ತದಲ್ಲ, ಅದು. ಅದನ್ನ ಅದುಮಿದರೆ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯುತ್ತದೆ. ಬಾಲ ಹಿಡಿದು ಜಗ್ಗಿದ ಹಾಗೆ ಒಂದು ಎಳೆತ, ಟ್ರೇಲರ್ ನೆಟ್ಟಗೆ ಬಂತು. ಎಲ್ಲ ಸೇರಿ ಎಂಟೋ ಹತ್ತೋ ಸೆಕೆಂಡ್ ಇರಬಹುದು. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಕೀ ತಿರುಗಿಸಲು ಕೈ ಬರಲಿಲ್ಲ.

ಆವತ್ತು ಸ್ವೇ ಬಾರ್ ಇರಲಿಲ್ಲ ಅಂದುಕೊಂಡೆಯಾ? ಇತ್ತು. ನಿನಗೆ ಈಗ ಕೊಡುತ್ತೇವೆ ಅಂದಿದ್ದಾರಲ್ಲ, ಅದೇ ತರಹದ್ದು. ಬೆಳಗ್ಗೆ ನಾನೇ ಬಿಗಿ ಮಾಡಿದ್ದೆ. ಮುಂದೆ ಸಿಕ್ಕ ಟ್ರಕ್ ಸ್ಟಾಪ್‌ನಲ್ಲಿ ತೂಗಿಸಿದೆ. ಟ್ರೇಲರ್ 5,600 ಪೌಂಡ್, ಟಂಗ್ ಮೇಲೆ ಬರೀ 430. ನೂರಕ್ಕೆ ಎಂಟೂ ಇಲ್ಲ! ಯಾಕೆ ಅಂದರೆ ನಮ್ಮದು ಹಿಂದೆ ಅಡುಗೆಮನೆ ಇದ್ದ ಟ್ರೇಲರ್. ಅಲ್ಲಿ ಅಕ್ಕಿ ಮೂಟೆ, ತೊಗರಿಬೇಳೆ, ಕುಕ್ಕರ್ ಎರಡು, ಈಳಿಗೆಮಣೆ, ಸಾಲದ್ದಕ್ಕೆ ಗ್ರೈಂಡರ್. ಯೆಲ್ಲೊಸ್ಟೋನ್‌ನಲ್ಲಿ ದೋಸೆ ಹಿಟ್ಟು ರುಬ್ಬಬೇಕಿತ್ತಂತೆ. ನೀರಿನ ಟ್ಯಾಂಕ್ ಚಕ್ರದ ಹಿಂದೆ, ಅದೂ ಭರ್ತಿ. ಹಿಂದಿನ ಬಂಪರಿನಲ್ಲಿ ಎರಡು ಸೈಕಲ್. ಅಪ್ಪ ಇದ್ದಿದ್ದರೆ ಮೂಕಿಗೆ ಕೈ ಹಾಕುತ್ತಲೇ ಬೈಯುತ್ತಿದ್ದರು.

ನೀರು ಖಾಲಿ ಮಾಡಿದೆವು. ಸೈಕಲ್ ಟ್ರಕ್ಕಿಗೆ ಹಾಕಿದೆವು. ಅಕ್ಕಿ, ಗ್ರೈಂಡರ್ ಎಲ್ಲ ಮುಂದಿನ ಮಂಚದ ಕೆಳಗೆ. ಮತ್ತೆ ತೂಗಿಸಿದರೆ ಟಂಗ್ ಮೇಲೆ 680. ಅದೇ ಟ್ರಕ್, ಅದೇ ಹಿಚ್, ಅದೇ ಬಾರ್. ಮಿಕ್ಕ ದಾರಿ ಲಾರಿ ದಾಟಿದರೆ ಸಣ್ಣಗೆ ಒಂದು ನೂಕು, ಅಷ್ಟೆ. ಅಲ್ಲಿಂದ ನನ್ನ ಪ್ರಕಾರ ಸ್ವೇ ಕಂಟ್ರೋಲ್ ಅನ್ನೋದು ಸರಿಯಾಗಿ ತುಂಬಿದ ಟ್ರೇಲರಿಗೆ ಬೇಕಾದ ವಸ್ತು. ತಪ್ಪಾಗಿ ತುಂಬಿದ್ದನ್ನ ಮುಚ್ಚಿಡೋದಕ್ಕೆ ಅಲ್ಲ.

ಈಗ ನಿನ್ನ ಲೆಕ್ಕ. ನಿಮ್ಮ ಟ್ರಕ್ 9,200 ಪೌಂಡ್ ಎಳೆಯುತ್ತದೆ ಅಂತ ಜಾಹೀರಾತು ಕಳಿಸಿದ್ದೀಯ. ಎಳೆಯೋದು ಬೇರೆ, ಹೊರೋದು ಬೇರೆ. ನನಗೆ ಬೇಕಿದ್ದು ನೀನು ಕಳಿಸಿದ ಎರಡನೇ ಫೋಟೋ, ಡ್ರೈವರ್ ಬಾಗಿಲ ಕಂಬದ ಮೇಲಿರುವ ಹಳದಿ–ಬಿಳಿ ಸ್ಟಿಕ್ಕರ್. ಜನ ಮತ್ತು ಸಾಮಾನು ಸೇರಿ 1,440 ಪೌಂಡ್ ದಾಟಬಾರದು ಅಂತಿದೆ. ಟಂಗ್ ವೇಟ್ ಕೂಡ ಅದರಲ್ಲೇ ಬರಬೇಕು. ನಿಮ್ಮ ಐದು ಜನರದ್ದು, ನಿನ್ನ ಅತ್ತೆಯವರೂ ಸೇರಿ, 555 ಅಂದಿದ್ದೀಯ. ನಿನ್ನ ತೂಕ ನಿಜ ಹೇಳಿದ್ದೀಯ ಅಂತ ನಂಬುತ್ತೇನೆ. ಹಿಚ್‌ನದೇ ಒಂದು 90. ಟ್ರೇಲರಿನ ಪುಸ್ತಕದಲ್ಲಿ 5,200 ಅಂತಿರೋದು ಖಾಲಿ ತೂಕ. ಟಂಗ್‌ನದೂ ಖಾಲಿ ಲೆಕ್ಕವೇ. ಗ್ಯಾಸ್ ತುಂಬಿದ ಎರಡು ಸಿಲಿಂಡರ್ 75 ಪೌಂಡ್ ತೂಗುತ್ತವೆ, ಬ್ಯಾಟರಿ ಬೇರೆ, ಎರಡೂ ಟಂಗ್ ಮೇಲೇ ಕೂರುತ್ತವೆ. ಬಟ್ಟೆ, ಪಾತ್ರೆ, ನೀರು ತುಂಬಿದರೆ ಟ್ರೇಲರ್ 6,300 ಆರಾಮಾಗಿ ಮುಟ್ಟುತ್ತದೆ. ಅದರ ನೂರಕ್ಕೆ 13 ಅಂದರೆ 820 ಹತ್ತಿರ. ಕೂಡು. 555, 90, 820. ಒಟ್ಟು 1,465. ಟ್ರಕ್ಕಿನಲ್ಲಿ ಒಂದು ಚಿಪ್ಸ್ ಪ್ಯಾಕೆಟ್ ಇಡುವ ಮುಂಚೆಯೇ ಮಿತಿ ದಾಟಿತು.

ಅತ್ತೆಯವರನ್ನ ಬಿಟ್ಟು ಹೋಗು ಅನ್ನುತ್ತಿಲ್ಲ, ಅವರೂ ಈ ಗುಂಪಿನಲ್ಲಿದ್ದಾರೆ. ನೀರು ಬಿಟ್ಟು ಹೋಗು. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ಅಂದರೆ 330 ಪೌಂಡ್. ಕ್ಯಾಂಪ್‌ಗ್ರೌಂಡ್ ಹತ್ತಿರ ತುಂಬಿಕೊಂಡರಾಯಿತು. ಹಾಗೆ 6,000ಕ್ಕೆ ಇಳಿಸಿ, ಟಂಗ್ ನೂರಕ್ಕೆ 12 ಇಟ್ಟರೆ 720. ಒಟ್ಟು 1,365. ಹೆಚ್ಚು ಜಾಗ ಉಳಿಯಲಿಲ್ಲ, ಆದರೆ ಒಳಗೆ ಬಂತು. ಭಾರ ಕಡಿಮೆ ಮಾಡಬೇಕು ಅಂತ ಟಂಗ್ ತೂಕವನ್ನ ಮಾತ್ರ ಇಳಿಸಬೇಡ, ನಾನು ಮಾಡಿದ ಕೆಲಸ ಅದೇ ಆಗುತ್ತದೆ. ಭಾರದ ಸಾಮಾನು ಟ್ರೇಲರಿನ ಚಕ್ರದ ಮೇಲೆ ಅಥವಾ ಸ್ವಲ್ಪ ಮುಂದೆ, ನೆಲದ ಮಟ್ಟದಲ್ಲಿ. ಮಕ್ಕಳು ಮಲಗುವ ಹಿಂದಿನ ಬಂಕ್ ಮೇಲೆ ದಿಂಬು, ರಜಾಯಿ ಸಾಕು.

ಈಗ ಹಿಚ್. ನಿನಗೆ ಸ್ವೇ ಬಾರ್‌ಗಿಂತ ಮೊದಲು ಬೇಕಾದ್ದು ವೇಟ್ ಡಿಸ್ಟ್ರಿಬ್ಯೂಷನ್. 720 ಪೌಂಡ್ ಟ್ರಕ್ಕಿನ ಬಾಲದ ಮೇಲೆ ಕೂತರೆ ಮೂತಿ ಮೇಲೇಳುತ್ತದೆ, ಸ್ಟೀರಿಂಗ್ ತಿರುಗಿಸುವ ಮುಂದಿನ ಚಕ್ರ ಹಗುರ ಆಗುತ್ತದೆ. ಈ ಹಿಚ್‌ನ ಎರಡು ಸ್ಪ್ರಿಂಗ್ ಬಾರ್‌ಗಳು ಸನ್ನೆಕೋಲಿನ ಹಾಗೆ ಕೆಲಸ ಮಾಡಿ ಭಾರವನ್ನ ಟ್ರಕ್ಕಿನ ಮುಂದಿನ ಚಕ್ರಕ್ಕೂ ಟ್ರೇಲರಿನ ಚಕ್ರಕ್ಕೂ ಹಂಚುತ್ತವೆ. ಮಾರಿದವರು ಹೇಳಿದ ಒಂಟಿ ಫ್ರಿಕ್ಷನ್ ಬಾರ್ ಅದರ ಪಕ್ಕಕ್ಕೆ ಸಿಗಿಸುವ ಇನ್ನೊಂದು ಸಾಮಾನು. ಚಿಕ್ಕ ಟ್ರೇಲರಿಗೆ ಆಗುತ್ತದೆ. 26 ಅಡಿಗೆ ನಾನು ನೆಚ್ಚಿಕೊಳ್ಳಲ್ಲ. ರಿವರ್ಸ್ ಹೋಗುವ ಮುಂಚೆ ಪ್ರತಿ ಸಲ ಇಳಿದು ಬಿಚ್ಚಬೇಕು. ರಾತ್ರಿ ಮಳೆಯಲ್ಲಿ ಕ್ಯಾಂಪ್‌ಗ್ರೌಂಡ್ ತಲುಪಿದಾಗ ಅದು ನೆನಪಿರಲ್ಲ, ಬಗ್ಗಿಸಿಕೊಳ್ಳುತ್ತೀಯ. ನಾನು ಒಂದು ಬಗ್ಗಿಸಿದ್ದೇನೆ.

ಎರಡೂ ಕೆಲಸ ಒಂದರಲ್ಲೇ ಮಾಡುವ ಹಿಚ್ ತಗೋ. ಈಕ್ವಲೈಜರ್ ಅಂತ ಒಂದಿದೆ, ಬಾರ್‌ಗಳು ಬ್ರಾಕೆಟ್ ಮೇಲೆ ಉಜ್ಜಿಕೊಂಡು ಕೂತು ಅಲ್ಲಾಟ ತಡೆಯುತ್ತವೆ. ತಿರುವಿನಲ್ಲಿ ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತದೆ, ಗಾಬರಿ ಬೇಡ. ಬ್ಲೂ ಆಕ್ಸ್ ಕೂಡ ಒಳ್ಳೆಯದೇ, ಅದರಲ್ಲಿ ಚೈನ್ ಇರುತ್ತದೆ. ರೀಸ್‌ನವರ ಡ್ಯುಯಲ್ ಕ್ಯಾಮ್ ಹಳೇ ಕಾಲದಿಂದ ಬಂದದ್ದು. ಮೂರರಲ್ಲಿ ಯಾವುದಾದರೂ ಸರಿ. ಸೈಜ್ ಮುಖ್ಯ. ಟಂಗ್ 720 ಇದ್ದರೆ 600ರದ್ದು ಬೇಡ, 1,000 ಪೌಂಡಿನದು. ಇರಲಿ ಅಂತ 1,400ರದ್ದು ತಂದರೆ ಬಾರ್ ಬಗ್ಗಲ್ಲ, ಟ್ರಕ್ ಎತ್ತಿ ಎತ್ತಿ ಹಾಕುತ್ತದೆ. ಟ್ರಕ್ಕಿನ ಹಿಂದೆ ಹಿಚ್ ಸಿಗಿಸುವ ರಿಸೀವರ್ ಮೇಲೂ ಸಣ್ಣ ಸ್ಟಿಕ್ಕರ್ ಇರುತ್ತದೆ, ಬಗ್ಗಿ ಓದು. ವೇಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ ಎಷ್ಟು, ಇದ್ದರೆ ಎಷ್ಟು ಅಂತ ಬರೆದಿರುತ್ತಾರೆ.

ಆ ಮೂರು ಸಾವಿರದ್ದು, ಹೆನ್ಸ್‌ಲಿ ಅಥವಾ ಪ್ರೊಪ್ರೈಡ್ ಇರಬೇಕು. ಸುಳ್ಳಲ್ಲ, ಒಳ್ಳೆಯ ಮಾಲು. ಮಿಕ್ಕವು ಅಲ್ಲಾಟಕ್ಕೆ ಅಡ್ಡ ನಿಲ್ಲುತ್ತವೆ. ಇದರ ಕೀಲುಗಳು ಟ್ರೇಲರ್ ತಿರುಗುವ ಬಿಂದುವನ್ನೇ ಟ್ರಕ್ಕಿನ ಹಿಂದಿನ ಅಚ್ಚಿನ ಕಡೆಗೆ ಸರಿಸಿದ ಹಾಗೆ ಮಾಡುತ್ತವೆ. ನಿನ್ನದು 33 ಅಡಿ ಆಗಿದ್ದರೆ, ವರ್ಷಕ್ಕೆ ನಾಲ್ಕು ತಿಂಗಳು ರಸ್ತೆಯಲ್ಲಿದ್ದರೆ ನಾನೇ ಕೊಡಿಸುತ್ತಿದ್ದೆ. ವರ್ಷಕ್ಕೆ ಮೂರು ಟ್ರಿಪ್‌ಗೆ ಬೇಡ.

ಹಿಚ್ ಕೊಂಡರೆ ಆಗಲಿಲ್ಲ, ಕೂರಿಸೋದರಲ್ಲೇ ಇದೆ ಎಲ್ಲ. ಮಾರಿದವರು ಅಂಗಳದಲ್ಲಿ ಖಾಲಿ ಟ್ರೇಲರಿಗೆ ಅರ್ಧ ಗಂಟೆಯಲ್ಲಿ ಜೋಡಿಸಿ ಕಳಿಸುತ್ತಾರೆ. ನೀನು ಸಾವಿರ ಪೌಂಡ್ ತುಂಬಿದ ಮೇಲೆ ಆ ಅಳತೆ ಯಾವುದಕ್ಕೂ ಬರಲ್ಲ. ಅದಕ್ಕೇ ಎಲ್ಲ ತುಂಬಿದ ಮೇಲೆ, ಸಮತಟ್ಟಾದ ಜಾಗದಲ್ಲಿ, ಒಂದು ಟೇಪ್ ಹಿಡಿದುಕೋ. ಟ್ರಕ್ ಒಂದೇ ಇದ್ದಾಗ ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರ? 37 ಇಂಚು ಅಂದುಕೋ. ಟ್ರೇಲರ್ ಸಿಗಿಸಿ, ಬಾರ್ ಹಾಕದೆ ಅಳೆ. 38 ಆಗಿರುತ್ತದೆ. ಬಾರ್ ಹಾಕಿ ಮತ್ತೆ ಅಳೆ. ಎಷ್ಟು ಕೆಳಗೆ ಬರಬೇಕು ಅನ್ನೋದು ಟ್ರಕ್ಕಿನ ಕೈಪಿಡಿಯಲ್ಲಿದೆ. ಏರಿದ್ದರಲ್ಲಿ ಅರ್ಧ ಅಂದಿದ್ದರೆ 37 ಅರೆಗೆ ನಿಲ್ಲಿಸು. ಬರಲಿಲ್ಲ ಅಂದರೆ ಹಿಚ್ ತಲೆಯ ಓರೆ ಹೊಂದಿಸುವ ವಾಷರ್ ಹೆಚ್ಚು ಕಡಿಮೆ ಮಾಡಬೇಕು, ಇಲ್ಲ ಬ್ರಾಕೆಟ್ ಮೇಲೆ ಕೆಳಗೆ ಮಾಡಬೇಕು. ಬೇಸರದ ಕೆಲಸ. ನಮಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಕೊನೆಗೆ ದೂರ ನಿಂತು ನೋಡು. ಟ್ರೇಲರ್ ಸಮ ಇರಬೇಕು, ಇಲ್ಲ ಮೂತಿ ಒಂದು ಚೂರು ತಗ್ಗಿರಬೇಕು. ಮೂತಿ ಎತ್ತಿಕೊಂಡಿದ್ದರೆ ಹೊರಡಬೇಡ.

ಆಮೇಲೆ ಕ್ಯಾಟ್ ಸ್ಕೇಲ್, ಅಂದರೆ ಲಾರಿ ತೂಗುವ ತಕ್ಕಡಿ, ಇರುವ ಟ್ರಕ್ ಸ್ಟಾಪ್‌ಗೆ ಹೋಗು. ಮೂರು ಸಲ ತೂಗಿಸು. ಬಾರ್ ಹಾಕಿ ಒಂದು, ಬಾರ್ ತೆಗೆದು ಒಂದು, ಟ್ರೇಲರ್ ಬಿಚ್ಚಿಟ್ಟು ಟ್ರಕ್ ಒಂದೇ. ಎರಡನೇ ಸಲದ ಟ್ರಕ್ಕಿನ ಎರಡು ಅಚ್ಚಿನ ತೂಕ ಕೂಡಿ, ಅದರಲ್ಲಿ ಮೂರನೆಯದನ್ನ ಕಳೆದರೆ ಟಂಗ್ ವೇಟ್. ಹಿಂದೆ ಲಾರಿಗಳು ಕಾಯುತ್ತಿದ್ದರೆ ಸಂಕೋಚ ಆಗುತ್ತದೆ, ಅದಕ್ಕೆ ಬೆಳಗ್ಗೆ ಬೇಗ ಹೋಗು.

ಟ್ರೇಲರ್ ಟೈರಿನ ಗಾಳಿ ತಣ್ಣಗಿದ್ದಾಗಲೇ ನೋಡು, ಪಕ್ಕದಲ್ಲಿ ಬರೆದಿರುವಷ್ಟು ಪೂರ್ತಿ ಇರಲಿ. ವೇಗ 60 ಸಾಕು. ಬ್ರೇಕ್ ಕಂಟ್ರೋಲರಿನ ಹಿಡಿಯನ್ನ ಖಾಲಿ ಪಾರ್ಕಿಂಗ್ ಜಾಗದಲ್ಲಿ 25 ಮೈಲಿಯಲ್ಲಿ ಹತ್ತು ಸಲ ಅದುಮಿ ಅಭ್ಯಾಸ ಮಾಡಿ, ಇಬ್ಬರೂ. ಅಲ್ಲಾಡಲು ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗಿ, ಸ್ಟೀರಿಂಗ್ ನೆಟ್ಟಗೆ ಹಿಡಿ, ಆ ಹಿಡಿ ಅದುಮು. ಕಾಲ ಬ್ರೇಕ್ ಮುಟ್ಟಬೇಡ.

ದಾರಿ ಕೇಳಿದ್ದೆ ಅಲ್ವಾ. ಲಾರಮಿಯಲ್ಲಿ ಐ-80 ಬಿಟ್ಟು ಹಳೇ ಯುಎಸ್ 30/287 ರಸ್ತೆ ಹಿಡಿ. ರಾಕ್ ರಿವರ್, ಮೆಡಿಸಿನ್ ಬೋ ಮೇಲೆ ಹೋಗಿ ರಾಲಿನ್ಸ್‌ಗೆ ಸ್ವಲ್ಪ ಮುಂಚೆ ಮತ್ತೆ ಐ-80ಕ್ಕೆ ಸೇರುತ್ತದೆ. ಗಾಳಿ ಅಲ್ಲೂ ಇದೆ, ಆದರೆ ಎಲ್ಕ್ ಮೌಂಟನ್ ತಪ್ಪುತ್ತದೆ, ಪಕ್ಕದಲ್ಲಿ ಲಾರಿ ಸಾಲು ಇರಲ್ಲ. ಗಾಳಿ ಜೋರಿದ್ದರೆ ಹಗುರವಾದ ಎತ್ತರದ ವಾಹನಗಳಿಗೆ ರಸ್ತೆ ಬಂದ್ ಅಂತ ಬೋರ್ಡ್ ಹಾಕುತ್ತಾರೆ. ಆ ಹಗುರವಾದ ಎತ್ತರದ ವಾಹನ ನಿನ್ನದೇ. ಕೂತು ಕಾಫಿ ಕುಡಿ.

ತೂಕದ ಮೂರು ಚೀಟಿ ಕೈಗೆ ಬಂದ ತಕ್ಷಣ ಇಲ್ಲೇ ಫೋಟೋ ಹಾಕು, ಲೆಕ್ಕ ನಾನು ನೋಡುತ್ತೇನೆ. ಮತ್ತೆ, ನಿನ್ನೆಯ ಫೋಟೋದಲ್ಲಿ ಗ್ಯಾರೇಜ್ ಮೂಲೆಯಲ್ಲಿ ಒಂದು ಡಬ್ಬ ಕಾಣಿಸಿತು. ಟ್ರೇಲರಿನ ಹಿಂದಿನ ಬಂಪರಿಗೆ ಹಾಕುವ ಸೈಕಲ್ ರ‍್ಯಾಕ್ ಅಲ್ವಾ ಅದು? ಇನ್ನೂ ಬಿಚ್ಚಿಲ್ಲದಿದ್ದರೆ ನಾಳೆಯೇ ವಾಪಸ್ ಕೊಟ್ಟು ಬಾ.