ಕಾಕಾನ ಕಿವಿ ಮಷಿನ್ ಬಗ್ಗೆ, ವೈನಿಗೆ

ವೈನಿ, ನಿಮ್ಮ ಮೆಸೇಜ್ ಈಗ ನೋಡಿದೆ. ಕಿವಿ ಮಷಿನ್ ಹಾಕಿಕೊಳ್ಳಿ ಅಂದರೆ ಕಾಕಾ ಸಿಟ್ಟಿಗೇಳುತ್ತಾರೆ, ಹಬ್ಬಕ್ಕೆ ಕಲಬುರಗಿಯಲ್ಲಿ ಸೇರಿದಾಗ ಎಲ್ಲರೂ ಕೂಡಿ ಹೇಳೋಣ ಅಂದಿದ್ದೀರಿ. ಅದೊಂದು ಬೇಡ ರೀ. ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಕಾಕಾ ಈ ಗ್ರೂಪಿನಲ್ಲಿ ಇಲ್ಲ, ಅದೂ ಒಂದು ಧೈರ್ಯ.

ನಾನು ದಿನಾ ಕಿವಿ ಪರೀಕ್ಷೆ ಮಾಡುವವಳು. "ಏನು ತೊಂದರೆ ರೀ?" ಅಂತ ಯಜಮಾನರನ್ನು ಕೇಳಿದರೆ ಉತ್ತರ ಕೊಡುವವರು ಪಕ್ಕದಲ್ಲಿ ಕೂತ ಹೆಂಡತಿ. ಯಜಮಾನರು ಫ್ಯಾನ್ ನೋಡುತ್ತಾ ಕೂತಿರುತ್ತಾರೆ. ಅಂಥವರು ಮಷಿನ್ ತಗೊಂಡರೂ ಅದು ಕಪಾಟು ಸೇರುತ್ತದೆ. "ನನಗೇ ಫಜೀತಿ ಆಗುತ್ತಿದೆ" ಅಂತ ತಾವೇ ಬಾಯಿಬಿಟ್ಟವರು ಹಾಕಿಕೊಳ್ಳುತ್ತಾರೆ. ರಿಪೋರ್ಟಿನಲ್ಲಿ ಎಷ್ಟು ಡೆಸಿಬಲ್ ಅನ್ನೋದಕ್ಕಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಕಾಕಾಗೆ ಯಾಕೆ ಹಾಗೆ ಅನ್ನಿಸುತ್ತಿಲ್ಲ? ದಾಲ್ ಮಿಲ್ಲಿನ ಸದ್ದಿನಲ್ಲೇ ದುಡಿದವರು. ಅಂಥ ಸದ್ದು, ಮೇಲೆ ವಯಸ್ಸು, ಎರಡೂ ಮೊದಲು ತಿನ್ನುವುದು ಸ, ಶ, ಚ ಥರದ ಸಣ್ಣ ದನಿಗಳನ್ನು. ದಪ್ಪ ದನಿ ಹಾಗೇ ಉಳಿದಿರುತ್ತದೆ. ಹೊರಗೆ ಟ್ರ್ಯಾಕ್ಟರ್ ಹೋದದ್ದು ಗೊತ್ತಾಗುತ್ತದೆ, ಮೊಮ್ಮಗಳು ಏನಂದಳು ಅನ್ನೋದು ಗೊತ್ತಾಗಲ್ಲ. "ನನಗೆ ಕೇಳುತ್ತೆ, ನೀವೇ ಬಾಯೊಳಗೆ ಮಾತಾಡುತ್ತೀರಿ" ಅನ್ನುತ್ತಾರಲ್ಲ, ಅವರ ಮಟ್ಟಿಗೆ ಅದು ಖರೇನೇ.

ಇನ್ನೊಂದು ಕಾರಣ ನೀವು. ಬೇಜಾರು ಮಾಡಿಕೊಳ್ಳಬೇಡಿ. ಅವರ ಫೋನಿಗೆ ನೀವೇ ಮಾತಾಡುತ್ತೀರಿ. ಪ್ರತಿ ಮಾತನ್ನೂ ಎರಡು ಸಲ ಕೂಗುತ್ತೀರಿ. ಟಿವಿ ಸೌಂಡ್ ಸಹಿಸುತ್ತೀರಿ. ಕಷ್ಟವೆಲ್ಲಾ ನಿಮ್ಮ ತಲೆ ಮೇಲೆ, ಅವರಿಗೆ ಮಷಿನ್ ಯಾಕೆ ಬೇಕು ಹೇಳಿ? ಅಡುಗೆಮನೆಯಿಂದ ಕೂಗುವುದು ಬಿಡಿ. ಎದುರು ಹೋಗಿ ಒಂದೇ ಸಲ, ನಿಧಾನ ಹೇಳಿ. ಅವರ ಫೋನ್ ಅವರ ಕೈಗೇ ಕೊಡಿ.

ಮೊದಲು ಶ್ರಾವಣದಲ್ಲಿ ಪುರಾಣ ಕೇಳೋಕೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಈಗ ಮೊಣಕಾಲು ನೋವು ಅಂತ ಹೋಗಲ್ಲ. ಸಂತೆಗೆ ಮಾತ್ರ ನಡೆದೇ ಹೋಗುತ್ತಾರೆ! "ಪುರಾಣ ಯಾಕೆ ಬಿಟ್ಟಿರಿ?" ಅಂತ ಸುಮ್ನೆ ಕೇಳಿ. ಕಿವಿ ಸುದ್ದಿ ಅವರೇ ತೆಗೆಯಲಿ.

ಯಾರೋ ಹಾಕಿದ್ದ ವಿಡಿಯೋ, ಮಷಿನ್ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತೆ ಅನ್ನೋದು, ಅದನ್ನು ತೋರಿಸಿ ಹೆದರಿಸಬೇಡಿ. 2023ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. 70ರಿಂದ 84 ವಯಸ್ಸಿನ 977 ಜನರಲ್ಲಿ ಕೆಲವರಿಗೆ ಮಷಿನ್ ಕೊಟ್ಟು, ಉಳಿದವರಿಗೆ ಕೊಡದೆ 3 ವರ್ಷ ನೋಡಿದರು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಮರೆವಿನ ಅಪಾಯ ಜಾಸ್ತಿ ಇದ್ದವರಲ್ಲಿ ಮಾತ್ರ, ಮಷಿನ್ ಹಾಕಿದವರಿಗೆ ನೆನಪು, ಯೋಚನೆ ಕುಗ್ಗುವುದು ನಿಧಾನವಾಯಿತು. ಒಳ್ಳೆಯ ಸುದ್ದಿಯೇ, ಆದರೆ ಬೆದರಿಸುವಂಥದ್ದಲ್ಲ.

ಅವರ ಗೆಳೆಯರೊಬ್ಬರ ಮಷಿನ್ ಕುಯ್ಯ್ ಅನ್ನುತ್ತಿತ್ತಂತೆ. ಕಾಕಾಗೆ ನಮ್ಮ ಮಾತಿಗಿಂತ ಆ ಕುಯ್ಯ್ ದೊಡ್ಡದು. ಮಷಿನ್ನಿನ ಮೋಲ್ಡ್, ಅಂದರೆ ಕಿವಿಯೊಳಗೆ ಕೂರುವ ತುಂಡು, ಸಡಿಲ ಇದ್ದರೆ ಹಾಗಾಗುತ್ತದೆ, ಸರಿಮಾಡಬಹುದು. ಚೆನ್ನಾಗಿ ಬಳಸುವ ಇನ್ನೊಬ್ಬ ಹಿರಿಯರನ್ನು ಕಟ್ಟೆ ಮೇಲೆ ಅವರ ಪಕ್ಕ ಕೂರಿಸಿ. ಆನ್‌ಲೈನಿನ ಅಗ್ಗದ ಮಷಿನ್ ಮಾತ್ರ ತರಬೇಡಿ, ಕುಕ್ಕರ್ ಸೀಟಿಯನ್ನೂ ಮಾತನ್ನೂ ಒಂದೇ ಸಮ ಏರಿಸಿಬಿಡುತ್ತವೆ. ದುಡ್ಡಿನ ಮಾತು ಬಂದರೆ, ಬಿಪಿಎಲ್ ಕಾರ್ಡ್ ಇರುವ 60 ದಾಟಿದವರಿಗೆ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ ಪುಕ್ಕಟೆ ಕೊಡುತ್ತಾರೆ, ಶಿಬಿರ ಯಾವಾಗ ಅಂತ ವಿಚಾರಿಸುತ್ತೇನೆ.

ಒಪ್ಪಿದ ದಿನ ಮೊದಲು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಕಿವಿ ಡಾಕ್ಟರಿಗೆ ತೋರಿಸೋಣ, ಬರೀ ಗುಗ್ಗೆ ಕಟ್ಟಿದ್ದರೂ ಇರಬಹುದು. ಮಷಿನ್ ಬಂದ ಮೇಲೆ ಮೊದಲ ವಾರ ಮನೆಯಲ್ಲಿ ದಿನಕ್ಕೆ ಒಂದೆರಡು ತಾಸು ಸಾಕು. ಹಾಕಿದ ದಿನವೇ ಮದುವೆಗೆ ಕರೆದೊಯ್ಯಬೇಡಿ. ಮತ್ತೆ ವೈನಿ, ಬರುವ ಮುಂಚೆ ಅವರ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಹಾಕಬೇಡಿ, ದೊಡ್ಡವ್ವಗೂ ಹೇಳಿಬಿಡಿ.